ಯಕ್ಷ ಸತ್ತನೋ, ರಾಜಕುಮಾರಿಯೋ

ನಾಮ್ ಪೆನ್‌ನ ಹಳೆಯ ಸಿನಿಮಾ ಸಂಗ್ರಹಾಲಯದಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಮುದುಕಿ, ಒಬ್ಬ ಮುದುಕ ಜಗಳಕ್ಕೆ ಬಿದ್ದಿದ್ದರು. ಅರವತ್ತರ ದಶಕದ ಒಂದು ಸಿನಿಮಾದಲ್ಲಿ ಮುದುಕಿ ಸವಾನಿ ರಾಜಕುಮಾರಿಯಾಗಿ, ಮುದುಕ ಹೂನ್ ರಾಕ್ಷಸನಂಥ ಯಕ್ಷನಾಗಿ ನಟಿಸಿದ್ದರು. ಸರ್ವಾಧಿಕಾರಿ ಪೋಲ್ ಪಾಟ್ ಕಾಲದಲ್ಲಿ ಅದರ ರೀಲುಗಳೆಲ್ಲ ಹಾಳಾಗಿಹೋಗಿದ್ದವು. ಕೊನೆಯ ದೃಶ್ಯದಲ್ಲಿ ಏನಾಯಿತೆಂದು ಕೇಳಿ ಬರೆದಿಡಲು ಇಬ್ಬರನ್ನೂ ಕರೆಸಿದ್ದರು.

"ನಾನು ಈಟಿಯಿಂದ ತಿವಿದೆ, ನೀನು ಸತ್ತೆ."

"ಇಲ್ಲಕ್ಕ, ನಾನೇ ನಿನ್ನ ನುಂಗಿದ್ದು."

"ಯಾವ ಬಾಯಲ್ಲೋ? ನಿನ್ನ ರಟ್ಟಿನ ಕೋರೆಹಲ್ಲು ಬೆವರಿಗೆ ನೆಂದು ಮೂಗಿಗೆ ಅಂಟ್ಕೊಂಡಿತ್ತು!"

"ಅದಕ್ಕೇ ಅಗೀಲಿಲ್ಲ, ಇಡಿಯಾಗಿ ನುಂಗಿದೆ. ಹೊರಗೆ ಬರೀ ನಿನ್ನ ಕಾಲು ಕಾಣ್ತಿತ್ತು."

"ಅದು ನನ್ನ ಕಾಲಲ್ಲ ಕಣೋ, ಮೇಕಪ್ ಮಾಡ್ತಿದ್ದ ಬೊಫಾದು."

"ಹಂಗಾದ್ರೆ ನಡಿ, ಅವಳನ್ನೇ ಕೇಳೋಣ."

"ಎಲ್ಲಿ ಕೇಳ್ತೀಯ? ಪೋಲ್ ಪಾಟ್ ಕಡೆಯವ್ರು ಗದ್ದೆ ಕೆಲಸಕ್ಕೆ ಅಂತ ಎಳ್ಕೊಂಡು ಹೋದ್ರು, ವಾಪಸ್ ಬರ್ಲಿಲ್ಲ."

"ಕ್ಯಾಮೆರಾದವನು?"

"ಅವನೂ ಇಲ್ಲ. ನಮ್ಮಿಬ್ರನ್ನ ಬಿಟ್ರೆ ಯಾರೂ ಇಲ್ಲ."

ಒಳಗಿನಿಂದ ಅಧಿಕಾರಿಣಿ ಅವರ ಹೆಸರು ಕರೆದಳು.

"ಅಕ್ಕಾ, ಇಬ್ರೂ ಬದುಕಿದ್ವಿ ಅಂದ್ಬಿಡೋಣ್ವಾ?"

"ಯಕ್ಷ, ರಾಜಕುಮಾರಿ, ಇಬ್ರೂನಾ? ಯಾರು ನಂಬ್ತಾರೋ?"

"ಎದುರಿಗೇ ಕೂತಿರ್ತೀವಲ್ಲಕ್ಕ, ನಂಬ್ದೆ ಏನ್ಮಾಡ್ತಾರೆ?"

ಸವಾನಿಯವರು ಹೂನ್ ತೋಳು ಹಿಡಿದು ಎದ್ದರು. ಇಬ್ಬರೂ ನಿಧಾನವಾಗಿ ಒಳಗೆ ಹೋದರು.