ಎರಡೂ ತುದಿ ಗಟ್ಟಿ

ಹಲ್ಲಿನ ಡಾಕ್ಟರಿಗಾಗಿ ಕಾಯುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಕೆನ್ನೆ ಊದಿಸಿಕೊಂಡ ಹೆಂಗಸು. ಅವಳ ಫೋನಿನ ಸ್ಪೀಕರಿನಲ್ಲಿ ಮನೆಯಿಂದ ಗಂಡ.

“ನೆಟ್ ಇಲ್ಲ ಅಂತಾನೇ ತೋರಿಸ್ತಿದೆ ಕಣೇ! ಏಳು ತಿಂಗಳಾದ್ಮೇಲೆ ಒಬ್ರು ಇಂಟರ್‌ವ್ಯೂಗೆ ಕರೆದಿದಾರೆ, ಹತ್ತೇ ನಿಮಿಷ ಇದೆ.”

“ರೌಟರ್ ಆಫ್ ಮಾಡಿ ಆನ್ ಮಾಡಿದ್ರಾ?”

“ಮೂರು ಸಲ.”

“ಕೇಬಲ್ಲು?”

“ಎರಡೂ ತುದಿ ಗಟ್ಟಿಯಾಗಿ ಸಿಕ್ಕಿಸಿದೀನಿ. ಎರಡು ದೀಪನೂ ಮಿಣಮಿಣ ಅಂತಿದೆ.”

“ಎರಡೂ ಎಲ್ಲಿ ಉರೀತಿದೆ?”

“ರೌಟರ್‌ನಲ್ಲೇ.”

“ಮತ್ತೆ ಕಂಪ್ಯೂಟರಿಗೆ ಏನು ಸಿಕ್ಕಿಸಿದೀರಿ?”

ಫೋನಿನಲ್ಲಿ ಕುರ್ಚಿ ಸರಿಸಿದ ಸದ್ದು ಕೇಳಿಸಿತು.

“ಏನೂ ಇಲ್ಲ… ಎರಡೂ ತುದಿ ರೌಟರ್‌ಗೇ ಹಾಕಿದೀನಿ. ಈಗ ಯಾವ ತುದಿ ಕೀಳ್ಲಿ?”

“ಅಯ್ಯೋ ನನ್ನ ಕರ್ಮ! ಯಾವುದಾದ್ರೂ ಒಂದು ಕಿತ್ತು ಕಂಪ್ಯೂಟರಿಗೆ ಹಾಕ್ರಿ!”

ನರ್ಸ್ ಕರೆದಳು. ಹೆಂಗಸು ಎದ್ದಳು.

“ಇನ್ನರ್ಧ ಗಂಟೆ ಫೋನ್ ಮಾಡ್ಬೇಡಿ. ಬಾಯಿ ತೆರೆದೇ ಇರುತ್ತೆ, ಬೈಯೋಕಾಗಲ್ಲ.”