ಬಗ್ಗಿದ ಮೂರನೇ ಕಡ್ಡಿ

ಮಳೆ ಮಧ್ಯಾಹ್ನವೇ ಹಿಡಿದಿತ್ತು. ಸಂಜೆ ಗುಡುಗು ಶುರುವಾದಾಗ ನಮ್ಮ ಹವ್ಯಾಸಿ ರೇಡಿಯೋ ಕ್ಲಬ್ಬಿನ ಕೋಣೆಯಲ್ಲಿ ಆಂಟೆನಾ ತಂತಿಗಳನ್ನೆಲ್ಲ ಕಿತ್ತಿಟ್ಟು, ಸೆಟ್ಟು ಆರಿಸಿ ಕೂತೆವು. ಹೊತ್ತು ಹೋಗಲೆಂದು ನಾನು ನೋಟ್‌ಬುಕ್ ತೆಗೆದೆ. ಮಾಳಿಗೆಗಳ ಮೇಲೆ ಕಾಣುವ ವಿಚಿತ್ರ ಆಂಟೆನಾಗಳ ಚಿತ್ರ ಬರೆದು, ಯಾತಕ್ಕೆಂದು ಪತ್ತೆ ಹಚ್ಚುವುದು ನಮ್ಮೆಲ್ಲರ ಹುಚ್ಚು. ಬೆಳಗ್ಗೆ ಕಂಡದ್ದನ್ನು ತೋರಿಸಿದೆ. ರೇಡಿಯೋ ರಿಪೇರಿ ತಾತ ಅದನ್ನು ದೀಪದ ಹತ್ತಿರ ಹಿಡಿದು ನೋಡಿ, ಕನ್ನಡಕ ತೆಗೆದಿಟ್ಟರು.

"ಬಾಗಿಲು ಹಾಕ್ರೋ, ಇರಚಲು ಹೊಡೀತಿದೆ. ನಿಮಗೆ ಈ ಹುಚ್ಚು ಹಿಡಿಸಿದ್ದು ನಾನೇ, ತಪ್ಪು ನಂದೇ. ನನಗೊಬ್ಬ ಅಣ್ಣ ಇದ್ದ... ಯಾರಿಗೂ ಹೇಳಿಲ್ಲ, ಯಾವ ಬಾಯಲ್ಲಿ ಹೇಳ್ಲಿ? ಅಪ್ಪ ಹೋದ ಮೇಲೆ ನನ್ನನ್ನ ಸಾಕಿದ್ದು, ಬೆಸುಗೆ ಹಾಕೋದು ಕಲಿಸಿದ್ದು ಎಲ್ಲಾ ಅವನೇ. ಇಬ್ಬರೂ ಸೇರಿ ಅಲ್ಯೂಮಿನಿಯಂ ಪೈಪು ಕೊಯ್ದು ಏಳು ಕಡ್ಡಿಯ ಆಂಟೆನಾ ಮಾಡಿದ್ವಿ, ಒಂದು ಭಾನುವಾರ ಹಾಡಹಗಲಲ್ಲಿ ಏರಿಸೋಕೆ ಮಾಳಿಗೆ ಹತ್ತಿದ್ವಿ. ಅಣ್ಣ ಆಂಟೆನಾ ಹೆಗಲಿಗೇರಿಸಿಕೊಂಡು ಕಂಬದ ಮೇಲೆ, ಅವನ ಸೊಂಟದ ಹಗ್ಗ ನನ್ನ ಕೈಲಿ. ನಾನು ಮಾಡಬೇಕಾಗಿದ್ದು ಇಷ್ಟೇ, ಹಗ್ಗ ಬಿಡಬಾರದು. ಅದೇನು ದೊಡ್ಡ ಘನಂದಾರಿ ಕೆಲಸವಾ, ಹೇಳಿ?

ಆಗ ಕಣ್ಣಿಗೆ ಬಿತ್ತು... ಎದುರು ಬೀದಿಯ ಗೋದಾಮಿನ ಮೇಲೆ, ಹಿಂದಿನ ದಿನದವರೆಗೂ ಬೋಳಾಗಿದ್ದ ಮಾಳಿಗೆ ಮೇಲೆ, ಒಂದು ಆಂಟೆನಾ. ಊರಿನದೆಲ್ಲ ಪ್ರಸಾರ ಕೇಂದ್ರದ ಕಡೆ ತಿರುಗಿದ್ರೆ ಇದೊಂದು ನಮ್ಮ ಕಡೆಗೇ ಮುಖ ಮಾಡಿತ್ತು. ಹೊಸದು ಕಂಡ್ರೆ ನನಗೆ ಮೈಮೇಲೆ ಜ್ಞಾನ ಇರಲ್ಲ. ಹಗ್ಗ ಒಂದೇ ಕೈಲಿ ಹಿಡಿದು, ಆಂಟೆನಾ ನೋಡೋಕೆ ಅಂತ ಯಾವಾಗ್ಲೂ ಕುತ್ತಿಗೆಗೆ ಹಾಕ್ಕೊಂಡಿರ್ತಿದ್ದ ದುರ್ಬೀನು ಎತ್ತಿ ಎಣಿಸಿದೆ... ಏಳು ಕಡ್ಡಿ, ಮೂರನೇದು ಒಳಕ್ಕೆ ಬಗ್ಗಿದೆ. 'ಅಣ್ಣಾ, ಅಲ್ನೋಡೋ!' ಅಂತ ಕೂಗಿಬಿಟ್ಟೆ. ಪಾಪ, ತಮ್ಮ ಕರೆದ ಅಂತ ತಿರುಗಿದ, ಕಾಲು ಜಾರ್ತು... ಹಗ್ಗ ನನ್ನ ಅಂಗೈ ಸುಲಿದುಕೊಂಡು ಹೋಯ್ತು. ನೋಡಿ, ಗೆರೆ ಇನ್ನೂ ಇದೆ.

ಕೆಳಗೆ ಆಂಟೆನಾದ ಮೇಲೇ ಬಿದ್ದಿದ್ದ. ಅವನನ್ನ ಎತ್ತಿಕೊಂಡು ಹೋದ ಮೇಲೆ ನೋಡ್ತೀನಿ... ಅವನ ಎದೆ ಬಿದ್ದ ಕಡೆ ಮೂರನೇ ಕಡ್ಡಿ ಒಳಕ್ಕೆ ಬಗ್ಗಿದೆ. ನಾನು ದುರ್ಬೀನಲ್ಲಿ ಕಂಡಿದ್ದು ನಮ್ಮದೇ ಕಣ್ರೋ! ಅಣ್ಣ ಬೀಳೋ ಮುಂಚೆಯೇ, ಬಿದ್ದ ಮೇಲಿನ ರೂಪದಲ್ಲಿ. ಗೋದಾಮು ಹತ್ತಿ ಹುಡುಕಿದ್ರೆ ಪಾಚಿ ಬಿಟ್ಟು ಏನಿತ್ತು? ಅತ್ತಿಗೆ ಒಂದೇ ಮಾತು ಕೇಳಿದ್ಳು, 'ನೀನು ಹಿಡ್ಕೊಂಡಿದ್ದೆಯಲ್ಲೋ?' ಅಂತ."

ತಾತ ನೋಟ್‌ಬುಕ್ ನನ್ನ ಮುಂದೆ ತಳ್ಳಿದರು.

"ಎಷ್ಟು ಕಡ್ಡಿ ಬರೆದಿದ್ದೀಯಪ್ಪಾ?"

"ಒಂಬತ್ತು ತಾತ. ಐದನೇದು ಬಗ್ಗಿದೆ."

"ಯಾವ ಕಡೆ ಮುಖ?"

"ನಮ್ಮ... ಈ ಕ್ಲಬ್ಬಿನ ಕಡೆಗೇ."

"ನಾಳೆ ಹೊಸ ಆಂಟೆನಾ ಏರಿಸ್ತೀರಲ್ಲ, ಕಂಬ ಹತ್ತೋದು ಯಾರು?"

"ನನ್ನ ತಮ್ಮ. ಹಗ್ಗ ಹಿಡಿಯೋದು ನಾನು."

ತಾತ ಮೂಲೆಯತ್ತ ಬೆರಳು ಮಾಡಿದರು. ಗೋಡೆಗೆ ಒರಗಿಸಿಟ್ಟ ಹೊಸ ಆಂಟೆನಾದ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದೆ. ಒಂಬತ್ತು. ಐದನೆಯದನ್ನು ಎರಡು ಸಲ ಸವರಿದೆ. ಒಂದು ಡೊಂಕೂ ಇರಲಿಲ್ಲ.

"ಹೂಂ," ಅಂದರು ತಾತ, "ಇವತ್ತಿಗೆ ನೆಟ್ಟಗಿದೆ."