ಮೂರನೇ ಸಲ ಇಳಿದ ಸರಳು

ಅಣುಸ್ಥಾವರದ ಬಸ್ಸಿಗೆ ಕಾದ ಕ್ಯೂನಲ್ಲಿ ನನ್ನ ಮುಂದೆ ಮಾವ, ಅಳಿಯ. ಮೇಲಿಂದ ಬಿದ್ದು ರಿಯಾಕ್ಟರನ್ನು ನಿಲ್ಲಿಸುವ ಸರಳುಗಳ ತಪಾಸಣೆ ಮಾವನದು. ರಿಯಾಕ್ಟರ್ ನಡೆಸುವುದು ಅಳಿಯನ ಕೆಲಸ. ಸಮವಸ್ತ್ರ ತೊಟ್ಟಿದ್ದವನು ಅಳಿಯ ಮಾತ್ರ.

“ಸರಳು ಕೊನೇ ಗೇಣು ಇಳೀಲಿಲ್ಲಪ್ಪ. ವರ್ಷಗಟ್ಟಲೆ ವಿಕಿರಣ ತಿಂದು ತುದಿ ಊದಿಕೊಂಡಿದೆ. ಬೆರಳು ಊದಿದ್ರೆ ಉಂಗುರ ಸಿಕ್ಕಿಕೊಳ್ಳಲ್ವಾ, ಹಾಗೆ.”

“ಟೆಸ್ಟ್ ಪಾಸಾಯ್ತು ಅಂದ್ರಲ್ಲ ಮಾವ?”

“ಸಾಹೇಬ್ರು ಇನ್ನೊಂದ್ಸಲ ಬೀಳಿಸಿ ಅಂದ್ರು, ಮತ್ತೆ ಸಿಕ್ಕಿಕೊಳ್ತು. ಮೂರನೇ ಸಲ ಇಳೀತು. ನಮ್ಮಲ್ಲಿ ಇಳಿದಿದ್ದೊಂದೇ ಲೆಕ್ಕ.”

“ನಿಜವಾಗಿ ಬೇಕಾದಾಗ ಮೂರು ಸಲ ಬಿಡೋಕೆ ಪುರುಸೊತ್ತು ಇರುತ್ತಾ?”

“ಅದನ್ನೇ ಕೇಳ್ದೆ. ತುಂಬಾ ದಣಿದಿದ್ದೀರಿ, ರಜೆ ತಗೊಳ್ಳಿ ಅಂದ್ರು.”

“ಹೊಸ ಸರಳು?”

“ಬರುತ್ತಂತೆ, ಕತ್ತೆಗೆ ಕೋಡು ಮೂಡಿದ ಮೇಲೆ.”

“ನಾನೂ ರಜೆ ಹಾಕ್ಲಾ?”

“ಹಾಕು. ಆ ಕುರ್ಚೀಲಿ ಇನ್ಯಾರದೋ ಅಳಿಯ ಕೂರ್ತಾನೆ.”

ಬಸ್ಸು ಬಂತು. ಅಳಿಯ ಸ್ವಲ್ಪ ಹೊತ್ತು ನಿಂತ. ಹಿಂದಿನವರು ಗೊಣಗಿದ ಮೇಲೆ ಹತ್ತಿದ. ಮಾವ ಕಿಟಕಿಯ ಕೆಳಗೆ ಬಂದರು.

“ಮಗಳು ಕೇಳಿದ್ರೆ ಏನನ್ಲಿ?”

“ಪಾಸಾಯ್ತು ಅನ್ನಿ.”

“ಎಷ್ಟನೇ ಸಲಕ್ಕೆ ಅಂತ ಕೇಳಿದ್ರೆ?”

“ಅವಳು ಕೇಳಲ್ಲ ಮಾವ. ನಮ್ಮನ್ನ ನಂಬ್ತಾಳೆ.”

ಬಸ್ಸು ಹೊರಟಿತು.